ಕೊರಿಯಾದ ತಾಯಿಗೆ ಕುಂಕುಮ

ಜೇವರ್ಗಿ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ನಿನ್ನೆ ಊಟ ಮುಗಿಸಿ ಎದ್ದಾಗ ಚಿಲ್ಲರೆಯಾಗಿ ಬಂದ ಹತ್ತರ ನೋಟೊಂದು ಅರಿಶಿನದ ವಾಸನೆ ಹೊಡೆಯುತ್ತಿತ್ತು. ಯಾರದೋ ಮನೆಯ ಪೂಜೆಯಲ್ಲಿ ಕುಳಿತು ಎದ್ದುಬಂದ ನೋಟು. ಒಂದು ಮೂಲೆ ಹಳದಿಯಾಗಿತ್ತು. ನಡುವಿನ ಮಡಿಕೆ ಇನ್ನೇನು ಹರಿಯುವಂತಿತ್ತು. ಬಿಳಿ ಜಾಗದಲ್ಲಿ ಯಾರೋ ಒಂದು ಹೆಸರು ಬರೆದು, ಮನಸ್ಸು ಬದಲಿಸಿ ಗೀಚಿ ಹಾಕಿದ್ದರು. ನಾನು ಅದನ್ನು ಮೂಗಿನ ಹತ್ತಿರ ಹಿಡಿದದ್ದು ಗಲ್ಲೆಯ ಮೇಲೆ ಕುಳಿತವರಿಗೆ ಸರಿಬರಲಿಲ್ಲ.

"ನಡೀತದ ತೊಗೋರಿ ಸರ. ಮೂಸಿ ಏನ್ ನೋಡ್ತೀರಿ?"

ನಡೆಯುತ್ತದೆ ಅಥವಾ ನಡೆಯುವುದಿಲ್ಲ. ನಮ್ಮ ಕಡೆ ನೋಟಿಗೆ ಇರುವುದು ಈ ಎರಡೇ ಗತಿ. ನಡೆಯದ ನೋಟಿಗೂ ಒಂದು ಬಾಳಿದೆ ಎಂದು ನನಗೆ ತೋರಿಸಿಕೊಟ್ಟವಳು ನನ್ನ ಅಪ್ಪನ ತಂಗಿ ಕಸ್ತೂರಿ ಅತ್ತೆ. ಅಫಜಲಪುರದ ಬಜಾರದಲ್ಲಿ ಪಾತ್ರೆಪಗಡಗಳ ಭಾಂಡೆ ಅಂಗಡಿ ಇಟ್ಟಿರುವ ಮಲ್ಲಣ್ಣ ಮಾಮನ ಹೆಂಡತಿ. ಅವಳು ಕೊರಿಯಾದ ಹಳೆಯ ನೋಟುಗಳನ್ನು ಕೂಡಿಡುತ್ತಾಳೆ. ಅವು ಕೊರಿಯಾದಲ್ಲೇ ಈಗ ಯಾವ ಅಂಗಡಿಯವರೂ ಮುಟ್ಟದ, ಅಲ್ಲಿನ ಸರ್ಕಾರವೇ ರದ್ದು ಮಾಡಿದ ನೋಟುಗಳು.

ಮುಂದೆ ಹೋಗುವ ಮೊದಲು ನಿಮಗೊಂದು ಎಚ್ಚರಿಕೆ. ನಾನು ಬರೆಯುವ ಕಥೆಗಳಿಗೆ ತಲೆಬುಡ ಇರುವುದಿಲ್ಲ ಎಂಬ ದೂರು ಹಳೆಯದು. ಯಡ್ರಾಮಿಯ ಒಬ್ಬ ಓದುಗರು ನನ್ನ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿ ನೋಡಿದೆ, ಆಗಲೂ ಅಷ್ಟೇ ತಿಳಿಯಿತು ಎಂದು ಮುಖದ ಮೇಲೆ ಹೇಳಿದ್ದರು. ನಾನಾದರೂ ಏನು ಮಾಡಲಿ? ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ಅದು ಬೀಗರ ಮುಂದೆ ಕುಳಿತ ಮನುಷ್ಯನ ಹಾಗೆ, ಅಂಗಿಯ ಗುಂಡಿ ಸರಿಮಾಡಿಕೊಂಡೇ ಮಾತು ಶುರುಮಾಡುತ್ತದೆ. ಆದ್ದರಿಂದ ಇಲ್ಲಿ ಯಾವುದಾದರೂ ತುಂಬ ಚೆಂದವಾಗಿ ಹೊಂದಿಕೊಂಡಂತೆ ಕಂಡರೆ ಅದನ್ನು ನಾನೇ ಹೊಂದಿಸಿರಬಹುದೆಂದು ಅನುಮಾನಿಸಿ.

ಅಪ್ಪ ಮತ್ತು ಅತ್ತೆ ಹುಟ್ಟಿ ಬೆಳೆದದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ. ಅವರ ತೊಗರಿ ಹೊಲಕ್ಕೆ ಹತ್ತಿಕೊಂಡೇ ಹಸನ್‌ಸಾಬರ ಹೊಲ. ಹಸನ್‌ಸಾಬರು ಪಲ್ಟನ್ನಿನಲ್ಲಿ ಇದ್ದವರು. ಕೊರಿಯಾದಲ್ಲಿ ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಕಾಯಲು ನಮ್ಮ ದೇಶದಿಂದ ಒಂದು ಪಡೆ ಹೋಯಿತಲ್ಲ, ಅದರಲ್ಲಿ ಅವರೂ ಹೋಗಿ ಬಂದಿದ್ದರು. ಯುದ್ಧದ ಬಗ್ಗೆ ಕೇಳಿದರೆ ಏನೂ ಹೇಳುತ್ತಿರಲಿಲ್ಲವಂತೆ. ಚಳಿಯ ಬಗ್ಗೆ ಕೇಳಿದರೆ ಮಾತ್ರ ನಿಲ್ಲಿಸುತ್ತಿರಲಿಲ್ಲ. "ಅಲ್ಲಿ ಥಂಡಿ ಅಂದ್ರ ಥಂಡಿ ಬೇಟಿ! ಉಗುಳಿದ್ರ ನೆಲಕ್ಕ ಬೀಳೂದ್ರಾಗ ಬರ್ಫಿನ ಗಾರಿ ಆಗಿರ್ತದ" ಎನ್ನುವರು. ಬಿಸಿಲಿಗೆ ಬಿರಿದ ಕರಿಮಣ್ಣಿನ ಮೇಲೆ ಕುಳಿತು ಅತ್ತೆ ಆ ಚಳಿಯನ್ನು ಕೇಳುತ್ತ ಬೆಳೆದಳು.

ಹಸನ್‌ಸಾಬರ ಹತ್ತಿರ ಕೊರಿಯಾದ ಒಂದು ನೋಟಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚಂಚಿಯಲ್ಲಿ ಇಟ್ಟಿರುತ್ತಿದ್ದರು. ಅದರ ಮೇಲೆ ಆಮೆಯ ಆಕಾರದ ಒಂದು ಹಡಗಿನ ಚಿತ್ರವಿತ್ತು. ಅತ್ತೆಯ ಮದುವೆಯಲ್ಲಿ ಮುಯ್ಯಿ ಮಾಡುವ ಹೊತ್ತಿಗೆ ಅವರು ಅದನ್ನೇ ತಂದು ಕೊಟ್ಟರು. ಮೈಕಿನಲ್ಲಿ ಮುಯ್ಯಿ ಕೂಗುತ್ತಿದ್ದವರು ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನು ಹೇಳಬೇಕೆಂದು ತಿಳಿಯದೆ, "ಹಸನ್‌ಸಾಬ, ಕಿಣ್ಣಿ ಸುಲ್ತಾನ, ಒಂದು ಆಮಿ" ಎಂದು ಕೂಗಿದರಂತೆ. ಹಂದರವೆಲ್ಲ ನಕ್ಕಿತು. ಹಸನ್‌ಸಾಬರು ನಗಲಿಲ್ಲ.

"ಇದು ನಡಿಯಂಗಿಲ್ಲ ಬೇಟಿ. ಅದಕ್ಕ ಖರ್ಚಾಗಂಗೂ ಇಲ್ಲ. ಇಟ್ಕೋ" ಎಂದರು.

ಈ ಮಾತನ್ನು ನಾನು ಕೇಳಿಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಅವರ ದನಿ ನನ್ನ ಕಿವಿಯಲ್ಲಿದೆ. ಇದಕ್ಕೇ ಹೇಳಿದ್ದು, ಅನುಮಾನಿಸಿ ಎಂದು.

ನಡೆಯದ ನೋಟು ಎಂದರೇನು ಎಂಬುದನ್ನು ಅತ್ತೆ ಅದಕ್ಕೂ ಮೊದಲೇ ಕಂಡಿದ್ದಳು. ನಮ್ಮ ಕಡೆ ನಿಜಾಮರ ಕಾಲದ ರೊಕ್ಕಕ್ಕೆ ಹಾಲಿ ಎಂದೂ ಇಂಗ್ಲಿಷರ ರೊಕ್ಕಕ್ಕೆ ಕಲದಾರ ಎಂದೂ ಹೆಸರು. ಹಾಲಿ ನಿಂತುಹೋದಾಗ ಎಷ್ಟೋ ಮುದುಕಿಯರು ಅದನ್ನು ನಂಬಲಿಲ್ಲ. ಅತ್ತೆಯ ತಾಯಿ, ನನ್ನ ಅಜ್ಜಿಯೂ ನಂಬಲಿಲ್ಲ. ಅರಸ ಹೋದರೆ ಹೋಗಲಿ, ಅವನ ರುಜು ಹೇಗೆ ಹೋಗುತ್ತದೆ ಎಂದು ವಾದಿಸಿ ತನ್ನ ಹಾಲಿ ನೋಟುಗಳನ್ನು ಪೆಟ್ಟಿಗೆಯ ತಳದಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿಸಿದಳು. ಸೀರೆ ಹರಿಯಿತು, ನೋಟು ಉಳಿಯಿತು. ಅಜ್ಜಿಯ ಪಾಲಿಗೆ ಅವು ಕೊನೆಯವರೆಗೂ ರೊಕ್ಕವೇ.

ಅತ್ತೆ ದೊಡ್ಡವಳಾದ ಮೇಲೆ ಆ ನೋಟುಗಳನ್ನು ತೆಗೆದುಕೊಂಡಳು. ಆಳಂದದ ಹಳೆಯ ಮನೆಗಳಿಗೆ ಹೋಗಿ, ಅಟ್ಟದಲ್ಲಿ ಗಂಟು ಕಟ್ಟಿಟ್ಟ ಇನ್ನಷ್ಟನ್ನು ಸ್ಟೀಲಿನ ಡಬ್ಬಿಗಳ ಬದಲಿಗೆ ತಂದಳು. ಡಬ್ಬಿಗೇನು ಬರ, ಗಂಡನದು ಭಾಂಡೆ ಅಂಗಡಿ. ಹೈದರಾಬಾದಿನ ವ್ಯಾಪಾರಿಯೊಬ್ಬರಿಗೆ ಹಾಲಿ ನೋಟು ಕೊಟ್ಟು, ಅದರ ಬದಲಿಗೆ ಕೊರಿಯಾದ ನೋಟು ತರಿಸಿಕೊಳ್ಳುತ್ತಿದ್ದಳು. ಮನೆಯವರಿಗೆ ಇದು ಅರ್ಥವಾಗಲೇ ಇಲ್ಲ.

"ನಮ್ಮ ನಡೀದ ನೋಟ ಕೊಟ್ಟು ಅವರ ನಡೀದ ನೋಟ ತರ್ತಾಳ" ಎಂದು ಮಾಮ ಗಿರಾಕಿಗಳ ಮುಂದೆ ಹೇಳುವರು. "ಇದರಾಗ ಲುಕ್ಸಾನ ಯಾರಿಗಂತ ನನಗೂ ತಿಳದಿಲ್ಲರಿ." ಹೇಳುವಾಗ ಮುಖದಲ್ಲಿ ಹೆಮ್ಮೆ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ದೇಶದ ದೊಡ್ಡ ನೋಟುಗಳೂ ಒಂದು ರಾತ್ರಿ ನಿಂತುಹೋದುವಲ್ಲ, ಆಗ ಓಣಿಯ ಒಬ್ಬ ಹೆಣ್ಣುಮಗಳು ಬೆಳಗಾಗುತ್ತಲೇ ಬಂದು, ಸೆರಗಿನಲ್ಲಿ ಮುಚ್ಚಿಟ್ಟದ್ದನ್ನು ಹೊರತೆಗೆದು ಕೇಳಿದ್ದಳು: "ಕಸ್ತೂರಕ್ಕಾ, ನೀವು ನಡೀದ ನೋಟ ತೊಗೋತೀರಂತಲ್ರಿ. ಇವು ನಿನ್ನೆ ಸತ್ತಾವ, ಇನ್ನಾ ಬೆಚ್ಚಗವ." ಅತ್ತೆ ಅವಳಿಗೆ ಚಹಾ ಕುಡಿಸಿ ಬ್ಯಾಂಕಿನ ದಾರಿ ಹೇಳಿದಳು.

ಕೊರಿಯಾದ್ದೇ ಯಾಕೆ ಎಂದು ನಾನು ಬಹಳ ಸಲ ಕೇಳಿದ್ದೇನೆ. ಹಸನ್‌ಸಾಬರ ಹೆಸರು ಹೇಳಿ ಮುಗಿಸುತ್ತಿದ್ದಳು. ಒಮ್ಮೆ ಮಾತ್ರ ಬೇರೆ ಉತ್ತರ ಬಂತು. ಯುದ್ಧ ಮುಗಿಯುವ ವರ್ಷ ಆ ದೇಶದವರು ಹಳೆಯ ರೊಕ್ಕ ರದ್ದು ಮಾಡಿ ಹ್ವಾನ್ ಎಂಬ ಹೊಸ ರೊಕ್ಕ ತಂದರು. ಹತ್ತು ವರ್ಷ ತುಂಬುವುದರೊಳಗೆ ಅದನ್ನೂ ರದ್ದು ಮಾಡಿದರು. "ಸಣ್ಣ ವಯಸ್ಸಿನಾಗ ಹೋದವು ಇವು. ಇವಕ್ಕ ಮುಪ್ಪು ಬರಲೇ ಇಲ್ಲ" ಎಂದಳು. ಅವಳು ಕೂಡಿಡುವುದು ಈ ಹ್ವಾನ್ ನೋಟುಗಳನ್ನು ಮಾತ್ರ.

ಅವಳು ನೋಟು ಹಿಡಿಯುವುದನ್ನು ನೀವು ನೋಡಬೇಕು. ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿಯನ್ನು ಡಬ್ಬಿಯಿಂದ ತೆಗೆಯುವ ಹಾಗೆ, ಎರಡು ಅಂಚಿಗೆ ಎರಡು ಬೆರಳು, ಉಸಿರು ಬಿಗಿಹಿಡಿದು. ತೊಳೆಯುವುದಿಲ್ಲ. ಅಂಟು ಹಚ್ಚುವುದಿಲ್ಲ. ಮಡಿಕೆ ಬಿದ್ದದ್ದನ್ನು ನೆಟ್ಟಗೆ ಮಾಡುವುದಿಲ್ಲ. ಯಾರ ಬೆರಳಿನಿಂದಲೋ ಮಡಚಿಕೊಂಡದ್ದನ್ನು ಬಿಡಿಸಲು ತಾನು ಯಾರು ಎನ್ನುತ್ತಾಳೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಆಲ್ಬಮ್ ತೆರೆಯುವಳು. ಮಾಮ ಎದುರಿಗೆ ಕೂತು ಪ್ರತಿ ಸಲವೂ ಹೊಸದಾಗಿ ನೋಡಿದಂತೆ ನೋಡುವರು. ಅವರ ಟೀಕೆಗಳು ನಡೆದೇ ಇರುತ್ತಿದ್ದವು. "ಇಂವ ನಮ್ಮ ಸಾಲಿ ಹೆಡ್‌ಮಾಸ್ತರಂಗ ಇದ್ದಾನ." "ಈ ಬಾಗಿಲಾ ನೋಡು, ನಮ್ಮ ಆಳಂದದ ದರ್ವಾಜಾನೇ ಒಯ್ದಾರ." ಅತ್ತೆ ನಗುತ್ತಿರಲಿಲ್ಲ, ಆದರೆ ಪುಟ ತಿರುಗಿಸುವುದನ್ನು ನಿಧಾನ ಮಾಡುತ್ತಿದ್ದಳು.

ಅವಳಿಗೆ ಅತಿ ಪ್ರಿಯವಾದದ್ದು ಐನೂರರ ಒಂದು ನೋಟು. ಆಗಿನ ಅಧ್ಯಕ್ಷರ ಮುಖ ಅದರಲ್ಲಿ ಸರಿಯಾಗಿ ನಡುವೆ ಇದೆ. ನೋಟನ್ನು ಯಾರು ಮಡಚಿದರೂ ನಡುವೆಯೇ ಮಡಚುತ್ತಾರಲ್ಲ. ದೇಶದ ತುಂಬ ಅಧ್ಯಕ್ಷರ ಮೂಗಿನ ಮೇಲೆ ಗೆರೆ ಬೀಳತೊಡಗಿತು. ಇದು ಅವಮಾನ ಎಂದು ಯಾರಿಗೋ ಅನ್ನಿಸಿ, ಹೊಸ ನೋಟಿನಲ್ಲಿ ಮುಖವನ್ನು ಬದಿಗೆ ಸರಿಸಿದರು ಎಂದು ಸಂಗ್ರಹಕಾರರು ಹೇಳಿಕೊಳ್ಳುವ ಕಥೆ. ನಿಜವೋ ಅಲ್ಲವೋ. ಅತ್ತೆಯ ನೋಟಿನಲ್ಲಿ ಆ ಮಡಿಕೆ ಇತ್ತು, ನೆತ್ತಿಯಿಂದ ಗದ್ದದವರೆಗೆ ನೇರವಾಗಿ ಇಳಿದದ್ದು. ಗೆರೆ ಇಲ್ಲದ ನೋಟಿಗೆ ಬೆಲೆ ಹೆಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಯಾವ ಕಾರಣಕ್ಕೆ ಆ ನೋಟು ಹೋಯಿತೋ ಆ ಕಾರಣವೇ ಇದರ ಮೇಲಿದೆ, ಇದಕ್ಕಿಂತ ಪೂರ್ಣ ನೋಟು ಎಲ್ಲಿ ಸಿಗುತ್ತದೆ ಎನ್ನುವುದು ಅತ್ತೆಯ ವಾದ. ನಾಲ್ಕಾರು ಕಾದಂಬರಿಗಳಲ್ಲಿ ನಾನು ಹೇಳಲು ಒದ್ದಾಡಿದ್ದು ಇದನ್ನೇ ಇರಬೇಕು.

ಆದರೆ ಅವಳ ಆಲ್ಬಮ್ಮಿನಲ್ಲಿ ಒಂದು ಜಾಗ ಖಾಲಿ ಇತ್ತು. ಹ್ವಾನ್ ರೊಕ್ಕ ಮುಗಿಯುವ ಹೊತ್ತಿಗೆ ಬಂದ ನೂರರ ನೋಟು. ಅದರ ಮೇಲೆ ಅರಸನಿಲ್ಲ, ಅಧ್ಯಕ್ಷನಿಲ್ಲ. ಒಬ್ಬ ತಾಯಿ ಮತ್ತು ಅವಳ ಮಗು. ಇಬ್ಬರ ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್. ಆ ನೋಟು ಹೊರಬಂದು ತಿಂಗಳು ತುಂಬುವುದರೊಳಗೆ ಸರ್ಕಾರ ರೊಕ್ಕವನ್ನೇ ಬದಲಿಸಿತು. "ರೊಕ್ಕಾ ಉಳಸವ್ವಾ ಅಂತ ಆಕಿ ಕೈಯಾಗ ಪುಸ್ತಕ ಕೊಟ್ರು, ಕೊಟ್ಟವರೇ ರೊಕ್ಕಾ ತಗದ್ರು" ಎನ್ನುವಳು ಅತ್ತೆ, ಪಕ್ಕದ ಓಣಿಯಲ್ಲಿ ಯಾರಿಗೋ ಆದ ಅನ್ಯಾಯದ ಹಾಗೆ. ಅಷ್ಟು ಕಡಿಮೆ ದಿನ ನಡೆದದ್ದರಿಂದ ಆ ನೋಟು ಸಿಗುವುದು ಕಷ್ಟ.

ಸೊಲ್ಲಾಪುರದ ಒಬ್ಬ ವಕೀಲರ ಹತ್ತಿರ ಅಂಥವು ಎರಡು ಇದ್ದವು. ದೊಡ್ಡ ಸಂಗ್ರಹಕಾರರು, ಪ್ರದರ್ಶನಗಳಲ್ಲಿ ಅವರದೇ ಮೊದಲ ಸಾಲು. ಅತ್ತೆ ಅವರೊಂದಿಗೆ ಎಷ್ಟೋ ವರ್ಷ ಫೋನಿನಲ್ಲಿ ಮಾತಾಡಿದ್ದಳು. ಕೊನೆಗೊಂದು ದೀಪಾವಳಿಯ ಮುಂಚೆ ಅವರು, ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ವಾಪಸು ಕಳಿಸಿ ಎಂದು ಒಂದು ನೋಟನ್ನು ಕೊರಿಯರಿನಲ್ಲಿ ಕಳಿಸಿದರು. ಮುಂಗಡ ಕೇಳಲಿಲ್ಲ, ಬರಹ ಕೇಳಲಿಲ್ಲ. ಸಂಗ್ರಹಕಾರರಲ್ಲಿ ಇಂಥ ನಂಬಿಕೆಯ ವ್ಯವಹಾರ ಉಂಟು. ಅಫಜಲಪುರದ ಹೆಣ್ಣುಮಗಳೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅತ್ತೆ ಆ ನೋಟನ್ನು ಅದರ ಪ್ಲಾಸ್ಟಿಕ್ ಹಾಳೆಯ ಸಮೇತ, ಬೆಂಕಿ ತಾಗದಿರಲೆಂದು ಅಂಗಡಿಯ ತಿಜೋರಿಯಲ್ಲಿ ಇಟ್ಟಳು.

ಈಗ ಮಾಮನ ಒಂದು ಸ್ವಭಾವ ನಿಮಗೆ ತಿಳಿದಿರಬೇಕು. ಅವರಿಗೆ ಯಾವ ವಸ್ತುವೂ ಬೋಳು ಹಣೆಯಲ್ಲಿ ಕಾಣಬಾರದು. ತಕ್ಕಡಿ, ಫ್ರಿಜ್ಜು, ಸ್ಕೂಟರು, ಇನ್ವರ್ಟರು, ಹೊಸದಾಗಿ ಬಂದ ಗ್ಯಾಸ್ ಸಿಲಿಂಡರು, ಎಲ್ಲಕ್ಕೂ ಕುಂಕುಮ. ನನ್ನ ಲ್ಯಾಪ್‌ಟಾಪಿನ ಪರದೆಗೂ ಒಮ್ಮೆ ಹಚ್ಚಿದ್ದರು.

"ಮಾಮಾ, ಇದಕ್ಕ ಹಣಿ ಎಲ್ಲದರಿ?"

"ಎಲ್ಲಿ ಹಚ್ಚತೇವೋ ಅದೇ ಹಣಿ."

ಅಮಾವಾಸ್ಯೆಯ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ನಾನೂ ಇದ್ದೆ. ತಾಮ್ರದ ಹಂಡೆಗಳನ್ನು ಉಜ್ಜಿ ಸಾಲಾಗಿ ಇಟ್ಟಿದ್ದರು. ತಿಜೋರಿಯ ಬಾಗಿಲು ತೆರೆದು ಒಳಗಿದ್ದದ್ದನ್ನೆಲ್ಲ ಬೆಳ್ಳಿಯ ತಟ್ಟೆಯಲ್ಲಿ ದೇವಿಯ ಮುಂದೆ ಇಡುವುದು ಪದ್ಧತಿ. ಅತ್ತೆ ಆರತಿಯ ಸಾಮಾನು ಹಿಡಿದು ಮನೆಯಿಂದ ಬರುವ ಹೊತ್ತಿಗೆ ಮಾಮ ಕುಂಕುಮದ ಕೈಯಲ್ಲೇ ಎದ್ದು ನಿಂತಿದ್ದರು. ಮುಖ ಅರಳಿತ್ತು.

"ಬಾ ಬೇ, ನೋಡು. ನಿನ್ನ ಕೊರಿಯಾದಾಕಿಗೂ ಹಚ್ಚೇನಿ. ಬಗಲಾಗ ಕೂಸು ಇದ್ದಾಕಿ, ಹಬ್ಬದ ದಿನಾ ಬರೇ ಹಣೀಲೆ ಹ್ಯಾಂಗ ಇರ್ತಾಳ?"

ತಟ್ಟೆಯಲ್ಲಿ ಆ ನೋಟು ಇತ್ತು. ತಾಯಿಯ ಹಣೆಯ ಮೇಲೆ ಒದ್ದೆ ಕುಂಕುಮದ ಒಂದು ಬೊಟ್ಟು ಸರಿಯಾಗಿ ಕೂತಿತ್ತು. ಅದರ ಅಂಚು ಕಾಗದದಲ್ಲಿ ಆಗಲೇ ಹಬ್ಬುತ್ತಿತ್ತು.

"ಪ್ಲಾಸ್ಟಿಕ್ ಹಾಳಿ ತಗದ್ರೇನ್ರಿ?" ಎಂದು ಅತ್ತೆ ಕೇಳಿದಳು.

"ಮತ್ತ? ಪ್ಲಾಸ್ಟಿಕ್ ಮ್ಯಾಲೆ ಹಚ್ಚಿದ್ರ ಆಕಿಗಿ ಮುಟ್ಟತದೇನು?"

ಅತ್ತೆ ಬಗ್ಗಿ ನೋಡಿದಳು. ಸುತ್ತ ನಿಂತವರು ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡು ದಾರಿ ಬಿಟ್ಟರು. "ಯಾರೂ ಮುಟ್ಟಬ್ಯಾಡ್ರಿ. ಫ್ಯಾನ್ ಬಂದ್ ಮಾಡ್ರಿ" ಎಂದಳು, ಅಷ್ಟೇ. ಆಮೇಲೆ ಆರತಿ ಹಾಡಿದಳು. ಒಂದು ಮಾತು ಹೇಳಿಬಿಡುತ್ತೇನೆ. ಆ ಕುಂಕುಮ ಚಿತ್ರದ ತಾಯಿಗೆ ಒಪ್ಪಿತ್ತು. ಆ ತಾಯಿ ನಮ್ಮ ಓಣಿಯಿಂದಲೇ ಎದ್ದುಹೋಗಿ ನೋಟಿನಲ್ಲಿ ಕುಳಿತವಳ ಹಾಗೆ ಕಂಡಳು. ನನಗೆ ಹಾಗನ್ನಿಸಿದ್ದನ್ನು ಅತ್ತೆಯ ಮುಂದೆ ಇವತ್ತಿನವರೆಗೂ ಹೇಳಿಲ್ಲ.

ಮನೆಗೆ ಬಂದ ಮೇಲೆ ಅವಳು ಮಾಮನಿಗೆ ಹೇಳಿದಳು: "ಅದು ನಂದಲ್ಲರಿ. ವಕೀಲರದು. ನೋಡಲಾಕ ಕಳಿಸಿದ್ರು."

ಮಾಮ ಕಟ್ಟೆಯ ಮೇಲೆ ಕೂತರು. ಮೆಲ್ಲಗೆ, "ಬರೂವಾಗೇ ಕಲೆ ಇತ್ತು ಅಂದ್ರ..." ಎಂದು ಶುರುಮಾಡಿ, ಅತ್ತೆಯ ಮುಖ ನೋಡಿ, "ಬ್ಯಾಡ, ಬ್ಯಾಡ. ಬಿಡು" ಎಂದು ತಾವೇ ಮುಗಿಸಿದರು.

ಹಬ್ಬ ಮುಗಿದ ಮೇಲೆ ಮೂವರೂ ಸೊಲ್ಲಾಪುರದ ಬಸ್ಸು ಹತ್ತಿದೆವು. ಅತ್ತೆಯ ತೊಡೆಯ ಮೇಲೆ ಆಲ್ಬಮ್. ಮಾಮನ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ವಕೀಲರ ಮನೆಯ ಬೈಠಕ್ಕಿನಲ್ಲಿ ಅತ್ತೆ ನಿಂತುಕೊಂಡೇ ನೋಟನ್ನು ಅವರ ಮುಂದೆ ಇಟ್ಟು, ನಡೆದದ್ದನ್ನು ಹೇಳಿ, "ನಿಮ್ಮ ನೋಟು ನಮ್ಮ ಮನ್ಯಾಗ ಕೆಟ್ಟದ. ನನ್ನ ಆಲ್ಬಮ್ಮಿನಾಗ ನಿಮಗ ಯಾವುದು ಬೇಕೋ ತೊಗೋರಿ" ಎಂದಳು.

ಮುಂದೆ ಏನಾಯಿತು ಎಂಬುದಕ್ಕೆ ಮೂರು ನೆನಪುಗಳಿವೆ. ನನ್ನ ನೆನಪಿನಲ್ಲಿ ವಕೀಲರು ಜೋರಾಗಿ ನಕ್ಕರು, ಚಹಾ ತರಿಸಿದರು, ಹೋಳಿಗೆ ತಿಂದರು. ನಾನು ಹೋದಲ್ಲೆಲ್ಲ ಹೀಗೆಯೇ ಹೇಳುತ್ತಿದ್ದೆ, ಕೇಳಿದವರಿಗೂ ಹಿಡಿಸುತ್ತಿತ್ತು. ಮಾಮನ ಪ್ರಕಾರ ಅವರು ಮರಾಠಿಯಲ್ಲಿ ಒದರಾಡಿದರು, ಅರ್ಧ ತಿಳಿಯದೇ ಹೋದದ್ದು ತಮ್ಮ ಪುಣ್ಯ, ಹೋಳಿಗೆಯನ್ನು ವಾಪಸು ತಂದು ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ನಾವೇ ತಿಂದೆವು. ಅತ್ತೆಗೆ ಹೋಳಿಗೆಯ ನೆನಪೇ ಇಲ್ಲ. "ಕೂಡ್ರಿ ಅಂತೂ ಅನಲಿಲ್ಲ. ಒಂದ್ ಮಾತೂ ಆಡಲಿಲ್ಲ" ಎನ್ನುತ್ತಾಳೆ. ಮೂರರಲ್ಲಿ ಒಂದನ್ನು ಆರಿಸುವ ಅಧಿಕಾರ ನನಗಿಲ್ಲ. ಮೂವರೂ ಒಪ್ಪುವ ಸಂಗತಿ ಒಂದೇ. ವಕೀಲರು ಆಲ್ಬಮ್ಮಿನ ಪುಟಗಳನ್ನು ತಿರುವಿ, ನಡುವೆ ಮುಖವಿದ್ದ ಐನೂರರ ನೋಟಿನ ಮೇಲೆ ಬೆರಳಿಟ್ಟರು.

ಅತ್ತೆ ಅದನ್ನು ತಾನೇ ಹೊರತೆಗೆದು ಕೊಟ್ಟಳು. ಕಡಕ್ ರೊಟ್ಟಿ ಹಿಡಿದ ಹಾಗೆಯೇ ಹಿಡಿದು ಕೊಟ್ಟಳು.

ಕುಂಕುಮದ ನೋಟು ಅತ್ತೆಯದಾಯಿತು. ಖಾಲಿ ಜಾಗ ತುಂಬಿತು, ತುಂಬಿದ್ದ ಜಾಗ ಖಾಲಿಯಾಯಿತು. ಹೈದರಾಬಾದಿನ ವ್ಯಾಪಾರಿ ಸುದ್ದಿ ಕೇಳಿ, ತಮ್ಮ ಹತ್ತಿರ ಒಂದು ಔಷಧಿಯಿದೆ, ಯಾರಿಗೂ ಗೊತ್ತಾಗದ ಹಾಗೆ ಕಲೆ ತೆಗೆದುಕೊಡುತ್ತೇನೆ ಎಂದು ಫೋನ್ ಮಾಡಿದರು. ಅತ್ತೆ ಬೇಡ ಎಂದಳು. "ತೊಳದ್ರ ಕುಂಕುಮ ಹೋಗ್ತದರಿ. ತೊಳದದ್ದು ಹೋಗಂಗಿಲ್ಲ." ಆ ವ್ಯಾಪಾರಿಗೆ ಇದು ತಿಳಿಯಿತೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಅವಳು ಮಾಮನನ್ನು ಬೈಯಲಿಲ್ಲ. ಮಾಮನನ್ನು ತಿಂದದ್ದೇ ಅದು. "ಬೈದಿದ್ರ ಛಲೋ ಇತ್ತು ನೋಡೋ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು. "ಒಂದ್ ಭಾಂಡೆ ನೆಗ್ಗಿದ್ರ ಇಡೀ ದಿನಾ ಬೈತಾಳ. ಇದಕ್ಕ ಬೈಲೇ ಇಲ್ಲ." ಭಾನುವಾರದ ಚಾಪೆ ನಿಂತುಹೋಯಿತು. ನೋಡಬೇಕು ಎಂದು ಅವರು ಕೇಳಲಿಲ್ಲ, ಬನ್ನಿ ಎಂದು ಅವಳು ಕರೆಯಲಿಲ್ಲ. ಮಧ್ಯಾಹ್ನ ಅವಳು ಒಳಗೆ ಒಬ್ಬಳೇ ಆಲ್ಬಮ್ ಬಿಚ್ಚುವುದು, ಅವರು ಪಡಸಾಲೆಯಲ್ಲಿ ಪೇಪರು ಓದಿದಂತೆ ಮಾಡುವುದು, ಹೀಗೆ ವರ್ಷಗಳು ಹೋದವು. ಜಗಳವಾಡುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇಷ್ಟು ಮರ್ಯಾದೆಯಿಂದ ದೂರ ಕುಳಿತ ಇಬ್ಬರನ್ನು ಕಂಡದ್ದು ಅಲ್ಲಿ ಮಾತ್ರ.

ಕಳೆದ ವಾರ ಸೊಲ್ಲಾಪುರದಲ್ಲಿ ನೋಟು ನಾಣ್ಯಗಳ ಪ್ರದರ್ಶನವಿತ್ತು. ಅತ್ತೆ ಹೋಗಬೇಕೆಂದಳು. ಬಸ್ಸಿನಲ್ಲಿ ಒಬ್ಬಳೇ ಬೇಡ ಎಂದು ನಾನು ಹೊರಟೆ. ಅಂಗಡಿ ಮುಚ್ಚಿ ಮಾಮನೂ ಬಂದರು, ಯಾರೂ ಕರೆದಿರಲಿಲ್ಲ. ಮೊದಲ ಸಾಲಿನಲ್ಲಿ ವಕೀಲರ ಗಾಜಿನ ಪೆಟ್ಟಿಗೆಗಳು. ವಕೀಲರು ಆ ಕಡೆ ಕುರ್ಚಿಯಲ್ಲಿ ಕುಳಿತು ಶಾಲು ಹೊದ್ದುಕೊಂಡು ಅಭಿನಂದನೆ ಸ್ವೀಕರಿಸುತ್ತಿದ್ದರು. ನಡುವಿನ ಪೆಟ್ಟಿಗೆಯಲ್ಲಿ ಐನೂರರ ನೋಟು ಇತ್ತು. ಅದರ ಕೆಳಗೆ, ಬಳಸದ ಹೊಸ ನೋಟಿನಷ್ಟೇ ಉತ್ತಮ ಸ್ಥಿತಿಯದು ಎಂಬರ್ಥದ ಬರಹ.

ಅಧ್ಯಕ್ಷರ ಮುಖದ ಮೇಲೆ ಗೆರೆ ಇರಲಿಲ್ಲ.

"ಇದು ನಿಂದಲ್ಲ ಬಿಡು, ಬ್ಯಾರೇದು" ಎಂದರು ಮಾಮ.

"ನಂದೇ. ನಂಬರ್ ನನಗ ಬಾಯಿಪಾಠ ಅದ" ಎಂದಳು ಅತ್ತೆ. ಮೊಬೈಲು ತೆಗೆದು ಟಾರ್ಚ್ ಹಚ್ಚಿ, ಗಾಜಿನ ಪಕ್ಕಕ್ಕೆ ಓರೆಯಾಗಿ, ನೋಟಿನ ಮಟ್ಟಕ್ಕೆ ಇಳಿಸಿ ಹಿಡಿದಳು. ಬೆಳಕು ಅಡ್ಡ ಬಿದ್ದಾಗ ನೆತ್ತಿಯಿಂದ ಗದ್ದದವರೆಗೆ ಕೂದಲಿನಷ್ಟು ತೆಳುವಾದ ಒಂದು ನೆರಳು ಎದ್ದುಬಂತು. ಮಡಿಕೆ ಅಲ್ಲೇ ಇತ್ತು. ಯಾರೋ ಅದರ ಮೇಲೆ ಇಸ್ತ್ರಿ ಆಡಿಸಿದ್ದರು.

ಯಾರು, ಯಾವಾಗ ಎಂದು ನನಗೆ ಗೊತ್ತಿಲ್ಲ. ಅತ್ತೆ ಯಾರನ್ನೂ ಕೇಳಲಿಲ್ಲ. ಟಾರ್ಚ್ ಆರಿಸಿದಳು. ಮಾಮನಿಗೆ ಮಾತ್ರ ಮೈಯೆಲ್ಲ ಉರಿಯಿತು. "ಹೋಗಿ ಕೇಳ್ತೇನಿ" ಎಂದು ಶಾಲಿನ ಕಡೆ ಹೊರಟರು.

"ಸುಮ್ನಿರ್ರಿ. ಕೊಟ್ಟ ಮ್ಯಾಲೆ ಮುಗೀತು."

ಮಾಮ ನಿಂತರು. ಅತ್ತ ನೋಡಿದರು, ಇತ್ತ ನೋಡಿದರು. ಇಷ್ಟು ವರ್ಷ ಗಂಟಲಿನಲ್ಲಿದ್ದದ್ದು ಆಗ ಹೊರಗೆ ಬಂತು. "ಅಲ್ಲ, ನನಗ ಒಂದ್ ಹೇಳು. ನಾ ಮಾಡಿದ್ದು ದೊಡ್ಡ ಗುನ್ಹೆನೋ, ಇದು ದೊಡ್ಡ ಗುನ್ಹೆನೋ?"

ಅತ್ತೆ ಸಮಾಧಾನಕ್ಕಾಗಿ ಮಾತಾಡುವವಳಲ್ಲ. ಗಾಜಿನೊಳಗಿನ ನುಣುಪು ಮುಖವನ್ನು ಮತ್ತೊಮ್ಮೆ ನೋಡಿದಳು.

"ಎರಡೂ ಕೆಟ್ಟದ್ದೇ ಅವ. ಆದ್ರ ನಿಮ್ದು ಕಾಣಸ್ತದರಿ" ಎಂದಳು.

ಇವತ್ತು ಭಾನುವಾರ. ಇದನ್ನು ಅಫಜಲಪುರದ ಅವರ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮುಂದಿನ ಪ್ರದರ್ಶನಕ್ಕೆ ತನ್ನ ನೂರರ ನೋಟನ್ನು ಕಳಿಸಬೇಕೆಂದು ಅತ್ತೆ ತೀರ್ಮಾನಿಸಿದ್ದಾಳೆ. ಅದರ ಕೆಳಗಿಡುವ ಚೀಟಿಗೆ ನಾಲ್ಕು ಸಾಲು ಬರೆದುಕೊಡು, ನೀನು ಲೇಖಕ ಎಂದು ನನಗೆ ಹೇಳಿದಳು. ನಾನು ಬಹಳ ಯೋಚಿಸಿ, ಎರಡು ದೇಶ, ಎರಡು ತಾಯಂದಿರು ಎಂದೆಲ್ಲ ಬರೆದೆ. ಅತ್ತೆ ಓದಿ ಮಡಚಿ ನನ್ನ ಜೇಬಿಗೇ ಹಾಕಿದಳು.

"ಇದರಾಗ ನಿನ್ನ ಮಾತೇ ಭಾಳ ಅವ."

ಆಮೇಲೆ ತಾನೇ ಬರೆದಳು. ಕೊರಿಯಾ. ನೂರು ಹ್ವಾನ್. ತಾಯಿ, ಮಗು. ಹಣೆಯ ಮೇಲೆ ಕುಂಕುಮದ ಕಲೆ. ಬಾಗಿಲ ಬಳಿ ಪೇಪರು ಹಿಡಿದು ಕುಳಿತಿದ್ದ ಮಾಮ ಪೇಪರನ್ನು ಇಳಿಸಿದರು.

"ಬರೇ ಕಲೆ ಅಂದ್ರ ಜನಾ ಏನ್ ತಿಳೀಬೇಕು? ಯಾರು ಹಚ್ಚಿದ್ದು ಅಂತ ಕೇಳ್ತಾರ. ಹೆಸರ ಹಾಕು."

"ನಿಮ್ದು?"

"ಮತ್ತ ಯಾರ್ದು? ಭಾಂಡೇದ ಮ್ಯಾಲೆ ಕೊಟ್ಟವರ ಹೆಸರ ಕೊರಿಯಂಗಿಲ್ಲೇನು? ಹಂಗ."

ಅತ್ತೆಯ ಭುಜ ಅಲುಗಿತು. ನಗುವನ್ನು ತಡೆಯುತ್ತಿದ್ದಾಳೆ ಎಂದು ನಾನು ತಿಳಿದೆ. ಬೇರೆ ಏನಾದರೂ ಇದ್ದಿರಬಹುದು, ಅವಳ ಬೆನ್ನು ನನ್ನ ಕಡೆಗಿತ್ತು.

"ಪೂರಾ ಹೆಸರೇನ್ರಿ?"

"ಪೂರಾ. ಊರಿನ ಸಹಿತ."

ಅವಳು ಬರೆದಳು. ಶಾಯಿ ಆರಲೆಂದು ಚೀಟಿಯನ್ನು ಬದಿಗಿಟ್ಟು, ಒಳಗಿನಿಂದ ಚಾಪೆ ತಂದು ಹಾಸಿ, ಆಲ್ಬಮ್ಮನ್ನು ಬಿಚ್ಚಿ ಮಾಮನ ಕಡೆಗೆ ತಿರುಗಿಸಿದಳು.

"ಬರ್ರಿ, ನೋಡ್ರಿ. ಕೈ ಹಿಂದ ಇಟ್ಕೊಂಡು ನೋಡ್ರಿ."